ಫೋಟೊ ಹಿಂದಿನ ಪರದೆ: ಆರಿಸುವುದು ಹೇಗೆ, ಆನ್‌ಲೈನ್‌ನಲ್ಲಿ ಮೋಸವಾದರೆ ಏನು ಮಾಡುವುದು

ಕಳೆದ ರಂಜಾನ್ ತಿಂಗಳಲ್ಲಿ ನಮ್ಮ ಮನೆಗೆ ಎರಡು ಫ್ರಾಕ್ ವಾಪಸ್ ಬಂದವು. ಅಮ್ಮಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಹಬ್ಬಕ್ಕೆ ಮುಂಚೆ ಸಣ್ಣ ಹುಡುಗಿಯರ ಫ್ರಾಕ್, ಶರಾರಾ ಹೊಲಿಯುತ್ತಾರೆ. ನಾನು ಅವುಗಳ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಹಾಕುತ್ತೇನೆ. ಸೈದಾಪುರದವರು ಮನೆಗೇ ಬಂದು ನೋಡುತ್ತಾರೆ, ಆದರೆ ಯಾದಗಿರಿ, ರಾಯಚೂರು, ಗಡಿಯಾಚೆಯ ನಾರಾಯಣಪೇಟೆಯವರು ಫೋಟೊ ನೋಡಿಯೇ ಆರ್ಡರ್ ಕೊಡುತ್ತಾರೆ. ಫ್ರಾಕ್ ವಾಪಸ್ ಕಳಿಸಿದವರು ಸಿಟ್ಟಿನಿಂದೇನೂ ಮಾತಾಡಲಿಲ್ಲ. "ಫೋಟೊದಾಗ ಗುಲಾಬಿ ಇತ್ತು, ಕೈಯಾಗ ಬಂದಿದ್ದು ಬ್ಯಾರೆ ಬಣ್ಣ" ಎಂದರು, ಅಷ್ಟೇ. ಫ್ರಾಕ್ ಇದ್ದದ್ದು ಪೀಚ್ ಬಣ್ಣದ್ದು. ಅಮ್ಮಿ ಹಣ ವಾಪಸ್ ಕೊಟ್ಟರು. ಆಮೇಲೆ ನನ್ನ ಕಡೆ ನೋಡಿ, "ಬಟ್ಟೆ ನಾನು ಸರಿಯಾಗಿಯೇ ಹೊಲಿದೆ, ಸುಳ್ಳು ಹೇಳಿದ್ದು ನಿನ್ನ ಫೋಟೊ" ಎಂದರು.

ಆ ಮಾತು ನನಗೆ ಚುಚ್ಚಿತು. ಯಾಕೆ ಹೀಗಾಯಿತು ಎಂದು ಹುಡುಕುತ್ತಾ ಹೋದಾಗ ತಪ್ಪು ಫೋನಿನದಲ್ಲ, ಹಿಂದಿನ ಗೋಡೆಯದು ಎಂದು ಗೊತ್ತಾಯಿತು. ನಮ್ಮ ಮನೆಯ ಗೋಡೆ ಗಿಣಿಹಸಿರು. ಕಿಟಕಿಯ ಬೆಳಕು ಆ ಗೋಡೆಗೆ ಬಡಿದು ಬಟ್ಟೆಯ ಮೇಲೂ ಸ್ವಲ್ಪ ಹಸಿರನ್ನು ಚೆಲ್ಲುತ್ತದೆ. ಇನ್ನೊಂದು ಕಡೆ ಫೋನು ತಾನೇ ಜಾಣತನ ಮಾಡುತ್ತದೆ. ಚಿತ್ರದ ತುಂಬಾ ಹಸಿರು ಕಂಡರೆ "ಬೆಳಕೇ ಹಸಿರಾಗಿದೆ" ಎಂದುಕೊಂಡು, ಅದನ್ನು ಸರಿಮಾಡಲು ಇಡೀ ಚಿತ್ರಕ್ಕೆ ಗುಲಾಬಿ ಕಡೆಯ ಬಣ್ಣ ಸೇರಿಸುತ್ತದೆ. ನಮ್ಮ ಪೀಚ್ ಫ್ರಾಕ್ ಗುಲಾಬಿಯಾದದ್ದು ಹೀಗೆ. ಅಂದರೆ ಹಿಂದಿನ ಪರದೆ ಬರೀ ಅಂದಕ್ಕಲ್ಲ. ಮುಂದೆ ಇರುವ ವಸ್ತು ನಿಜವಾಗಿ ಯಾವ ಬಣ್ಣದ್ದು ಎಂದು ಹೇಳುವ ಕೆಲಸವೂ ಅದರದೇ.

ನಮ್ಮ ಕಾಲೇಜಿನಲ್ಲಿ ಹಲವರು ಈಗ ಫೋಟೊ ತೆಗೆಯುತ್ತಾರೆ. ಒಬ್ಬರು ಅಣ್ಣನ ಅಂಗಡಿಯ ಚಪ್ಪಲಿಗೆ, ಒಬ್ಬರು ಮೆಹಂದಿ ಡಿಸೈನ್‌ಗೆ, ಇನ್ನೊಬ್ಬರು ಪರೀಕ್ಷೆ ಅರ್ಜಿಗೆ ಬೇಕಾದ ಬಿಳಿ ಹಿನ್ನೆಲೆಯ ಪಾಸ್‌ಪೋರ್ಟ್ ಫೋಟೊಗೆ. ಅವರಿಗೆಲ್ಲ ಉಪಯೋಗವಾಗಲಿ ಎಂದು ನಾನು ಕಲಿತದ್ದನ್ನು ಬರೆಯುತ್ತಿದ್ದೇನೆ. ಕಲಿಯುವುದಕ್ಕೆ 1,149 ರೂಪಾಯಿ ಸಿಕ್ಕಿಹಾಕಿಕೊಂಡಿತ್ತು. ಅದರ ಕಥೆ ಆಮೇಲೆ ಬರುತ್ತದೆ.

ಮೊದಲು ಬಣ್ಣದ ವಿಷಯ. ಎಲ್ಲರೂ ಮೊದಲು ಬಿಳಿ ತರುತ್ತಾರೆ. ನಾನೂ ಬಿಳಿ ಲಟ್ಠಾ ತರಲು ಪೇಟೆಗೆ ಹೋದೆ. ಆರು ಮೀಟರ್ ಎಂದ ಕೂಡಲೇ ಅಂಗಡಿಯವರು ಕತ್ತರಿ ಕೆಳಗಿಟ್ಟು, "ಯಾಕವ್ವಾ, ಮನ್ಯಾಗ ಯಾರರ ತೀರಿಕೊಂಡಾರೇನು?" ಎಂದು ಕೇಳಿದರು. ನಮ್ಮಲ್ಲಿ ಬಿಳಿ ಲಟ್ಠಾ ಮೀಟರ್‌ಗಟ್ಟಲೆ ಒಯ್ಯುವುದು ಕಫನ್‌ಗೆ. ಮನೆಯಲ್ಲಿ ನಾನಿಯೂ ಅದನ್ನೇ ಅಂದರು. ಅವರು ಉರ್ದುವಿನಲ್ಲಿ ಬೈದದ್ದನ್ನು ಕನ್ನಡದಲ್ಲಿ ಬರೆದರೆ ಅಷ್ಟು ಖಾರ ಉಳಿಯುವುದಿಲ್ಲ: "ಮಕ್ಕಳ ಹಬ್ಬದ ಬಟ್ಟೆಯನ್ನು ಕಫನ್ ಮುಂದೆ ನಿಲ್ಲಿಸುತ್ತೀಯಾ?" ಬಿಳಿ ಬೇಡವಾದದ್ದು ಹೀಗೆ. ಆದರೆ ಬೆಳಕಿನ ಲೆಕ್ಕದಲ್ಲೂ ಮೊದಲ ಪರದೆಗೆ ಬಿಳಿ ಒಳ್ಳೆಯದಲ್ಲ ಎಂದು ಆಮೇಲೆ ತಿಳಿಯಿತು.

ಬಲ್ಬಿನಿಂದ ದೂರ ಎರಡು ಪಟ್ಟಾದರೆ ಬೆಳಕು ಅರ್ಧವಾಗುವುದಿಲ್ಲ, ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ದೀಪ ಮಗುವಿನಿಂದ ನಾಲ್ಕು ಅಡಿ ಮುಂದೆ ಇದೆ, ಪರದೆ ಮಗುವಿನಿಂದ ನಾಲ್ಕು ಅಡಿ ಹಿಂದೆ ಇದೆ ಎಂದಿಟ್ಟುಕೊಳ್ಳಿ. ಪರದೆಗೆ ಮುಟ್ಟುವ ಬೆಳಕು ಮಗುವಿನ ಮೇಲೆ ಬೀಳುವುದರ ಕಾಲು ಭಾಗ ಮಾತ್ರ. ಆಗ ಬಿಳಿ ಪರದೆ ಚಿತ್ರದಲ್ಲಿ ಬಿಳಿಯಾಗಿ ಬರುವುದಿಲ್ಲ, ಒಗೆಯದ ಬನಿಯನ್ ತರಹ ಮಾಸಲಾಗಿ ಬರುತ್ತದೆ. ಬಿಳಿ ನಿಜವಾಗಿ ಬಿಳಿಯಾಗಬೇಕಾದರೆ ಪರದೆಗೇ ಬೇರೆ ದೀಪ ಬೇಕು. ಕಪ್ಪು ಪರದೆ ಮುಂದೆ ಕಪ್ಪು ಬುರ್ಖಾ, ಕಪ್ಪು ಕೂದಲು ಕಳೆದುಹೋಗುತ್ತವೆ. ಅದರಲ್ಲೂ ಕಪ್ಪು ಮಖಮಲ್ ಆದರೆ ನಮ್ಮೂರಿನ ಧೂಳನ್ನೆಲ್ಲ ಎಳೆದುಕೊಳ್ಳುತ್ತದೆ. ಹಸಿರು ಪರದೆ ಸಿನಿಮಾದವರಿಗೆ, ಕಂಪ್ಯೂಟರ್‌ನಲ್ಲಿ ಹಿನ್ನೆಲೆ ಬದಲಿಸುವವರಿಗೆ. ಅದರಿಂದ ಆಗುವ ತೊಂದರೆ ನಮ್ಮ ಗೋಡೆಯೇ ನನಗೆ ತೋರಿಸಿದೆ. ಹೂವು, ಇಟ್ಟಿಗೆ ಗೋಡೆ, ಅರಮನೆ ಪ್ರಿಂಟ್ ಮಾಡಿದ ಪರದೆಗಳು ನೋಡಲು ಚೆನ್ನ. ಆದರೆ ಪ್ರಿಂಟ್‌ನಲ್ಲಿ ಬೆಳಕು ಎಡದಿಂದ ಬಿದ್ದಿದ್ದು, ನಿಮ್ಮ ಕಿಟಕಿ ಬಲಕ್ಕಿದ್ದರೆ ಸುಳ್ಳು ಬಯಲಾಗುತ್ತದೆ.

ಉಳಿದದ್ದು ಬೂದು ಬಣ್ಣ. ಬೂದಿಗೆ ತನ್ನದೇ ಬಣ್ಣವಿಲ್ಲ, ಹಾಗಾಗಿ ಫೋನು ಮೋಸ ಹೋಗುವುದಿಲ್ಲ. ದೀಪ ಹತ್ತಿರ ತಂದರೆ ತಿಳಿಬೂದು, ದೂರ ಇಟ್ಟರೆ ಕಡುಬೂದು, ಒಂದೇ ಬಟ್ಟೆಯಲ್ಲಿ ಎರಡು ಮೂರು ಪರದೆ ಸಿಕ್ಕ ಹಾಗೆ. ಇದಕ್ಕೆ ಒಂದು ರೂಪಾಯಿ ಖರ್ಚೂ ಬೇಡದ ಪರೀಕ್ಷೆ ಇದೆ. ನಮ್ಮ ಕಡೆ ಬಹಳ ಮನೆಗಳಲ್ಲಿ ಶಹಾಬಾದ್ ಪರಸಿ ಹಾಸಿರುತ್ತಾರೆ. ಆ ಕಲ್ಲಿನ ಬಣ್ಣ ಬೂದಿಗೆ ಹತ್ತಿರ. ಬಟ್ಟೆಯನ್ನೋ ಬಳೆಯನ್ನೋ ನೆರಳಿನಲ್ಲಿರುವ ಪರಸಿಯ ಮೇಲಿಟ್ಟು ಮೇಲಿನಿಂದ ಫೋಟೊ ತೆಗೆದು ನೋಡಿ. ಸಣ್ಣ ವಸ್ತು ಮಾರುವವರು ಪರದೆಗೆ ದುಡ್ಡು ಹಾಕುವುದೇ ಬೇಡ ಎಂದು ನನ್ನ ಅಭಿಪ್ರಾಯ. ಪರಸಿ ಇಲ್ಲದಿದ್ದರೆ ಹತ್ತಿಪ್ಪತ್ತು ರೂಪಾಯಿಯ ಚಾರ್ಟ್ ಹಾಳೆ ಸಾಕು.

ಇನ್ನು ಅಳತೆ. ನಾನಿಯ ಹತ್ತಿರ ಅವರ ಮದುವೆಯ ಹೊಸತರಲ್ಲಿ ಸ್ಟುಡಿಯೊದಲ್ಲಿ ತೆಗೆಸಿದ ಒಂದು ಫೋಟೊ ಇದೆ. ಹಿಂದೆ ಬಣ್ಣದಲ್ಲಿ ಬರೆದ ಕಂಬ, ಮೆಟ್ಟಿಲು, ಕೆರೆ. ಆದರೆ ಎಡ ಮೂಲೆಯಲ್ಲಿ ಪರದೆ ಮುಗಿದು ಗೋಡೆಯ ಮೊಳೆ ಕಾಣುತ್ತದೆ. ಫೋಟೊಗ್ರಾಫರ್ ನಾನಾ ನಿಲ್ಲುವಷ್ಟು ಅಗಲ ಲೆಕ್ಕ ಹಾಕಿದ್ದರು, ಪಕ್ಕದಲ್ಲಿ ನಾನಿ ಕೂರುವುದನ್ನು ಮರೆತಿದ್ದರು ಎಂದು ಮನೆಯಲ್ಲಿ ನಗುತ್ತೇವೆ.

ಬರೆದ ಪರದೆ ಮುಂದೆ ಫೋಟೊ ತೆಗೆಯುವುದು ನಮ್ಮ ಭಾಗಕ್ಕೆ ಬಹಳ ಹಳೆಯದು. 1948ರವರೆಗೆ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. ಆರನೇ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕರಾಗಿದ್ದವರು ರಾಜಾ ದೀನ್ ದಯಾಳ್ (1844–1905). ಸಿಕಂದರಾಬಾದಿನಲ್ಲಿ ಅವರ ದೊಡ್ಡ ಸ್ಟುಡಿಯೊ ಇತ್ತು. 1892ರಲ್ಲಿ ಅವರು ಹೈದರಾಬಾದಿನಲ್ಲಿ ಪರ್ದಾ ಪಾಲಿಸುವ ಹೆಂಗಸರಿಗೆಂದೇ ಒಂದು ಜನಾನಾ ಸ್ಟುಡಿಯೊ ತೆರೆದರು. ಅದನ್ನು ನಡೆಸಿದವರೂ ಒಬ್ಬ ಮಹಿಳೆ. ಪರದೆಯ ಒಳಗೆ ಇನ್ನೊಂದು ಪರದೆ! ಇದನ್ನು ಹೇಳಿದಾಗ ನಾನಿ, "ನಮ್ಮ ಕಾಲಕ್ಕೆ ಅದು ಇದ್ದಿದ್ದರೆ ಆ ಫೋಟೊದಲ್ಲಿ ನಾನು ಅಷ್ಟು ಮುಖ ಬಿಗಿದುಕೊಂಡು ಕೂರುತ್ತಿರಲಿಲ್ಲ" ಎಂದರು.

ಅಳತೆಗೆ ಬರೋಣ. ಒಬ್ಬರ ಸೊಂಟದವರೆಗಿನ ಚಿತ್ರಕ್ಕೆ 5 ಅಡಿ ಅಗಲ 7 ಅಡಿ ಎತ್ತರ ಸಾಕು. ದೊಡ್ಡವರು ಪೂರ್ತಿ ನಿಂತರೆ 8 ಅಡಿ ಅಗಲ ಬೇಕು. ಉದ್ದವೂ 10 ಅಡಿಗಿಂತ ಹೆಚ್ಚಿರಬೇಕು, ಯಾಕೆಂದರೆ ಬಟ್ಟೆ ಮೇಲಿನಿಂದ ಇಳಿದು ನೆಲದ ಮೇಲೂ ಹಾಸಿ ಮುಂದೆ ಬರಬೇಕು. ಗೋಡೆ ನೆಲ ಸೇರುವ ಗೆರೆ ಕಾಣದ ಹಾಗೆ ಅಲ್ಲಿ ಬಟ್ಟೆಯನ್ನು ಮಡಿಸದೆ ಬಾಗಿಸಬೇಕು. ದೊಡ್ಡ ಪರದೆ ಕೊಳ್ಳುವ ಮುಂಚೆ ಒಂದು ಉಪಾಯ ಮಾಡಿ ನೋಡಿ: ಫೋನು ಹಿಡಿದು ನಾಲ್ಕು ಹೆಜ್ಜೆ ಹಿಂದೆ ಹೋಗಿ, ಕ್ಯಾಮೆರಾದಲ್ಲಿ 2x ಒತ್ತಿ. ಹಿಂದಿನ ಜಾಗ ಕಡಿಮೆ ಕಾಣುತ್ತದೆ, ಸಣ್ಣ ಪರದೆಯೇ ಸಾಕಾಗುತ್ತದೆ. ನಮ್ಮ ಮನೆಯ ಪಡಸಾಲೆಯಲ್ಲಿ ಹಿಂದೆ ಹೋಗಲು ಜಾಗವಿಲ್ಲ, ಬಾಗಿಲು ತೆರೆದು ಅಂಗಳದಲ್ಲಿ ನಿಂತು ತೆಗೆಯುತ್ತೇನೆ.

ಬಟ್ಟೆಯ ಜಾತಿಯಲ್ಲಿ ಅಮ್ಮಿಯೇ ನನ್ನ ಗುರು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಬಹಳಷ್ಟು ಪರದೆಗಳು ಅಂಗಡಿಯ ಕೈಚೀಲದಂಥ ನಾನ್‌ವೋವನ್ ಹಾಳೆ. ಅದರಲ್ಲಿ ಬೆಳಕು ತೂರುತ್ತದೆ, ಮಡಿಕೆ ಹೋಗುವುದಿಲ್ಲ, ಬಿಸಿ ಇಸ್ತ್ರಿ ಇಟ್ಟರೆ ಕರಗಿ ಅಂಟುತ್ತದೆ. ಪಾಲಿಯೆಸ್ಟರ್‌ಗೆ ಸುಕ್ಕು ಕಡಿಮೆ, ಆದರೆ ಹೊಳೆಯುತ್ತದೆ. ಹತ್ತಿಗೆ ಸುಕ್ಕು ಹೆಚ್ಚು, ಆದರೆ ಹೊಳಪಿಲ್ಲ, ಇಸ್ತ್ರಿಗೂ ಹೆದರುವುದಿಲ್ಲ. ದೊಡ್ಡ ಸ್ಟುಡಿಯೊಗಳು 2.72 ಮೀಟರ್ ಅಗಲದ ಕಾಗದದ ಸುರುಳಿ ಬಳಸುತ್ತವೆ. ಕೊಳೆಯಾದಷ್ಟು ಕತ್ತರಿಸಿ ಎಸೆಯಬೇಕು, ನಮಗೆ ಹೊಂದುವುದಿಲ್ಲ. ಯಾವುದೇ ಬಟ್ಟೆಯನ್ನು ಕಿಟಕಿಗೆ ಹಿಡಿದು ಹಿಂದೆ ಕೈ ಇಡಿ. ಬೆರಳು ಎಣಿಸಲು ಬಂದರೆ ಆ ಬಟ್ಟೆ ಬೇಡ. ಇನ್ನು ಪನ್ನಾ ನೋಡಿ. ಪನ್ನಾ ಎಂದರೆ ಬಟ್ಟೆಯ ಅಗಲ ಎಂದು ಹೊಲಿಗೆ ಮನೆಯವರಿಗೆ ಹೇಳಬೇಕಾಗಿಲ್ಲ. 60 ಇಂಚು ಪನ್ನಾ ಇದ್ದರೆ ಜೋಡಣೆ ಹೊಲಿಗೆ ಇಲ್ಲದೆ 5 ಅಡಿ ಅಗಲ ಸಿಕ್ಕಿತು. ಇನ್ನೂ ಅಗಲ ಬೇಕಾದರೆ ಚಾದರ್ ಹೊಲಿಯುವ ಬಟ್ಟೆ 90 ಇಂಚಿಗೂ ಮೇಲೆ ಬರುತ್ತದೆ.

ಇಷ್ಟೆಲ್ಲ ಈಗ ಹೇಳುತ್ತೇನೆ. ಆಗ ಗೊತ್ತಿರಲಿಲ್ಲ. ಹಬ್ಬಕ್ಕೆ ಹದಿನೈದು ದಿನ ಇದ್ದಾಗ ಒಂದು ಶಾಪಿಂಗ್ ಆಪ್‌ನಲ್ಲಿ "8×12 ಅಡಿ, ದಪ್ಪ ಬಟ್ಟೆ, ಸುಕ್ಕಾಗದು" ಎಂದು ಬರೆದಿದ್ದ ಬೂದು ಪರದೆಯನ್ನು ಅಮ್ಮಿಯ ಫೋನಿನಿಂದ ತರಿಸಿದೆ. ಬಂದದ್ದು ಅಂಗೈ ಕಾಣುವಷ್ಟು ತೆಳು. ಅಮ್ಮಿ ಕೊರಳಲ್ಲಿದ್ದ ಟೇಪ್ ತೆಗೆದು ಅಳೆದರು: ಅಗಲ 58 ಇಂಚು, ಉದ್ದ 82 ಇಂಚು. ಅಂದರೆ 5×7 ಅಡಿ ಕೂಡ ಪೂರ್ತಿ ಇಲ್ಲ. ಹೊಲಿಯುವವರಿಗೆ ಇಂಚಿನಲ್ಲಿ ಮೋಸ ಮಾಡುವುದು ಧೈರ್ಯದ ಕೆಲಸ.

ನಾನು ಮಾಡಿದ ಮೊದಲ ತಪ್ಪು, ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಲಿಲ್ಲ. ಎರಡನೆಯದು, ಮಾರಾಟಗಾರನ ಜೊತೆ ಫೋನಿನಲ್ಲಿ ಮಾತಾಡಿದೆ. ಅವನು "ನಾಳೆ ಬೇರೆ ಕಳಿಸುತ್ತೇನೆ, ರಿಟರ್ನ್ ಹಾಕಬೇಡಿ" ಎಂದು ದಿನ ದೂಡಿದ. ಏಳು ದಿನದ ವಾಪಸಾತಿ ಅವಧಿ ಮುಗಿಯಿತು. ಆಮೇಲೆ "ಅವಧಿ ಮುಗಿದಿದೆ" ಎಂದ. ಫೋನಿನ ಮಾತಿಗೆ ಸಾಕ್ಷಿ ಇಲ್ಲ. ಏನೇ ಇದ್ದರೂ ಆಪ್‌ನ ಒಳಗೇ ಬರೆಯಿರಿ, ಪ್ರತಿಯೊಂದರ ಸ್ಕ್ರೀನ್‌ಶಾಟ್ ಇಡಿ. ಜಾಹೀರಾತಿನ ಪುಟದ ಸ್ಕ್ರೀನ್‌ಶಾಟ್ ಅನ್ನು ಆರ್ಡರ್ ಹಾಕುವ ದಿನವೇ ತೆಗೆಯಿರಿ, ಆಮೇಲೆ ಅವರು ಬರಹ ಬದಲಿಸಬಹುದು. ನಾನು ಅದೃಷ್ಟಕ್ಕೆ ಅಮ್ಮಿಗೆ ತೋರಿಸಲೆಂದು ಒಂದು ತೆಗೆದಿಟ್ಟಿದ್ದೆ. ಅದರಲ್ಲಿ "8×12 ಅಡಿ" ಎಂಬುದು ಸ್ಪಷ್ಟವಾಗಿತ್ತು.

ಆ ಹೊತ್ತಿಗೆ ಇನ್ನೊಂದು ಕರೆ ಬಂತು. "ನಿಮ್ಮ ರಿಫಂಡ್ ಕಳಿಸುತ್ತಿದ್ದೇವೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಎಂದರು. ಕರೆ ಮಾಡಿದವರು ಮಾರಾಟಗಾರರೋ ಬೇರೆ ಯಾರೋ ನನಗೆ ಗೊತ್ತಾಗಲಿಲ್ಲ. ಒಂದು ಮಾತ್ರ ಗೊತ್ತಿತ್ತು: ಯುಪಿಐನಲ್ಲಿ ಪಿನ್ ಹಾಕುವುದು ಹಣ ಕೊಡುವಾಗ, ತೆಗೆದುಕೊಳ್ಳುವಾಗ ಅಲ್ಲ. ಫೋನ್ ಇಟ್ಟುಬಿಟ್ಟೆ. ಯಾರಾದರೂ ಇಂಥದ್ದಕ್ಕೆ ಸಿಕ್ಕಿ ಹಣ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು. ನಾಚಿಕೆಯಿಂದ ಎರಡು ದಿನ ಸುಮ್ಮನಿರಬಾರದು.

ನಮ್ಮ ವ್ಯವಹಾರ ಅಧ್ಯಯನ ಪಠ್ಯದಲ್ಲಿ ಗ್ರಾಹಕ ಸಂರಕ್ಷಣೆ ಎಂಬ ಅಧ್ಯಾಯ ಇದೆ. ಆರು ಹಕ್ಕುಗಳನ್ನು ಅಂಕಕ್ಕಾಗಿ ಬಾಯಿಪಾಠ ಮಾಡುತ್ತೇವೆ. ಅದನ್ನು ನಿಜವಾಗಿ ಬಳಸಲು ಹೋದಾಗ ನನಗೆ ಎರಡು ಗಂಟು ಎದುರಾದವು.

ಮೊದಲ ಗಂಟು ನನ್ನ ವಯಸ್ಸು. 1872ರ ಭಾರತೀಯ ಒಪ್ಪಂದ ಕಾಯ್ದೆಯ ಪ್ರಕಾರ ಒಪ್ಪಂದ ಮಾಡಿಕೊಳ್ಳುವವರು ಪ್ರಾಯಕ್ಕೆ ಬಂದಿರಬೇಕು, ಅಂದರೆ 18 ತುಂಬಿರಬೇಕು. ನನಗೆ 17. ಆದರೆ ಖಾತೆ ಅಮ್ಮಿಯದು, ಹಣ ಅಮ್ಮಿಯದು, ಬಿಲ್ ಅಮ್ಮಿಯ ಹೆಸರಿನಲ್ಲಿದೆ. ಹಾಗಾಗಿ ದೂರು ಕೊಡುವವರೂ ಅಮ್ಮಿಯೇ. ಅವರು ಓದಿದ್ದು ಉರ್ದು ಶಾಲೆಯಲ್ಲಿ ಐದನೆಯವರೆಗೆ. ನಾನು ಬರೆದೆ, ಅವರಿಗೆ ಓದಿ ಹೇಳಿದೆ, ಅವರು ಎರಡು ಕಡೆ ತಿದ್ದಿದರು. ನೀವೂ ಮನೆಯವರ ಫೋನಿನಿಂದ ತರಿಸುವವರಾದರೆ ಬಿಲ್ ಯಾರ ಹೆಸರಿಗಿದೆಯೋ ಅವರ ಹೆಸರಲ್ಲೇ ದೂರು ಹಾಕಿ.

ಎರಡನೆಯದು ದೊಡ್ಡ ಗಂಟು. ಮಾರಾಟಗಾರ ಒಂದು ಉತ್ತರದಲ್ಲಿ, "ನೀವು ವ್ಯಾಪಾರಕ್ಕೆ ಕೊಂಡಿದ್ದೀರಿ, ನೀವು ಗ್ರಾಹಕರಲ್ಲ" ಎಂದು ಬರೆದ. ಬೆಚ್ಚಿದೆ, ಯಾಕೆಂದರೆ ಪಠ್ಯದಲ್ಲೂ ಮರುಮಾರಾಟಕ್ಕೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಕೊಳ್ಳುವವರು ಗ್ರಾಹಕರಲ್ಲ ಎಂದಿದೆ. ಉಪನ್ಯಾಸಕರ ಹತ್ತಿರ ಹೋದೆ. ಅವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 2(7)ರ ಕೆಳಗಿನ ವಿವರಣೆಯನ್ನು ತೋರಿಸಿದರು. ಸ್ವಯಂ ಉದ್ಯೋಗದಿಂದ ಜೀವನ ನಡೆಸಲು ಮಾತ್ರವೇ ಕೊಂಡು, ತಾವೇ ಬಳಸುವ ವಸ್ತು "ವಾಣಿಜ್ಯ ಉದ್ದೇಶ"ದಲ್ಲಿ ಬರುವುದಿಲ್ಲ ಎಂದು ಅಲ್ಲಿದೆ. ಮನೆಯಲ್ಲಿ ಒಂದು ಮಷಿನ್ ಇಟ್ಟುಕೊಂಡು ಹೊಲಿಯುವ ಅಮ್ಮಿ ಗ್ರಾಹಕಿಯೇ. ಟೈಲರಿಂಗ್, ಬ್ಯೂಟಿಷಿಯನ್, ಆಟೊ, ಝೆರಾಕ್ಸ್ ಹೀಗೆ ಸ್ವಂತ ದುಡಿಮೆಯ ಮನೆಗಳಿಂದ ಬರುವವರು ನಮ್ಮಲ್ಲಿ ಬಹಳ. ಈ ಒಂದು ಸಾಲನ್ನು ದಯವಿಟ್ಟು ನೆನಪಿಡಿ, ಪರೀಕ್ಷೆಗೆ ಬರದಿದ್ದರೂ.

ಇದರ ಜೊತೆಗೆ 2020ರ ಇ-ಕಾಮರ್ಸ್ ನಿಯಮಗಳಿವೆ. ಜಾಹೀರಾತಿನಲ್ಲಿ ಹೇಳಿದ ಗುಣ ವಸ್ತುವಿನಲ್ಲಿ ಇಲ್ಲದಿದ್ದರೆ ಮಾರಾಟಗಾರ ಅದನ್ನು ವಾಪಸ್ ಪಡೆಯಲು ನಿರಾಕರಿಸುವಂತಿಲ್ಲ. ಆಪ್‌ನವರು ಒಬ್ಬ ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ಪ್ರಕಟಿಸಿರಬೇಕು. ಅವರು 48 ಗಂಟೆಯಲ್ಲಿ ದೂರು ತಲುಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಪ್‌ನ ಕೆಳಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಆ ವಿವರ ಇರುತ್ತದೆ, ಹುಡುಕಬೇಕು. ನಾವು ಆ ಅಧಿಕಾರಿಗೆ ಬರೆದೆವು. ಟೇಪ್ ಹಿಡಿದ ಮೂರು ಫೋಟೊ, ಜಾಹೀರಾತಿನ ಸ್ಕ್ರೀನ್‌ಶಾಟ್, ಬಿಲ್, ಇಷ್ಟೇ. ಸಿಟ್ಟಿನ ಮಾತು ಒಂದೂ ಇಲ್ಲ. (ಮೊದಲ ಕರಡಿನಲ್ಲಿ ಇದ್ದವು. ಅಮ್ಮಿ ತೆಗೆಸಿದರು.) ಮೊದಲ ಉತ್ತರ "ಅವಧಿ ಮುಗಿದಿದೆ" ಎಂದೇ ಬಂತು.

ಆಗ 1915ಕ್ಕೆ ಕರೆ ಮಾಡಿದೆವು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ದೂರು ಹೇಳಬಹುದು, ಶುಲ್ಕವಿಲ್ಲ. ಅದು ಕೋರ್ಟ್ ಅಲ್ಲ, ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತದೆ. ಹತ್ತೊಂಬತ್ತನೆಯ ದಿನ 1,149 ರೂಪಾಯಿ ಅಮ್ಮಿಯ ಖಾತೆಗೆ ಬಂತು. ಬಾರದಿದ್ದರೆ ಮುಂದಿನ ದಾರಿ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ದೆಹಲಿಯಲ್ಲಿದ್ದರೂ ನಾವು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕೊಂಡ ವಸ್ತುವಿಗೆ ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. 2025ರಿಂದ ಇ-ಜಾಗೃತಿ ಎಂಬ ಸರ್ಕಾರಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಹಣವೇನೋ ಬಂತು, ಆದರೆ ಅಷ್ಟರಲ್ಲಿ ಹಬ್ಬ ಮುಗಿದಿತ್ತು. ಐದು ಫ್ರಾಕ್ ಫೋಟೊ ಇಲ್ಲದೆ ಉಳಿದವು.

ಕೊಳ್ಳುವ ಮುಂಚೆ ಈಗ ನಾನು ನೋಡುವುದು ಇಷ್ಟು. ಐದು ನಕ್ಷತ್ರದ ವಿಮರ್ಶೆ ಓದುವುದಿಲ್ಲ, ಎರಡು ಮೂರು ನಕ್ಷತ್ರದವನ್ನು, ಅದರಲ್ಲೂ ಕೊಂಡವರೇ ಫೋಟೊ ಹಾಕಿದ್ದನ್ನು ಓದುತ್ತೇನೆ. ಜಾಹೀರಾತಿನ ಚಿತ್ರವನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕುತ್ತೇನೆ. ಅದೇ ಚಿತ್ರ ಹತ್ತು ಅಂಗಡಿಗಳಲ್ಲಿ ಹತ್ತು ಬೆಲೆಗೆ ಇದ್ದರೆ ಅದು ಆ ಮಾರಾಟಗಾರ ತೆಗೆದ ಚಿತ್ರವಲ್ಲ. ಅಳತೆ ಅಡಿಯೋ ಇಂಚೋ ಎಂದು ಬರೆಯದಿದ್ದರೆ ಬಿಟ್ಟುಬಿಡುತ್ತೇನೆ. ಸಾಮಾಜಿಕ ಜಾಲತಾಣದ ಪೇಜ್‌ಗಳು ಮುಂಗಡ ಕೇಳಿದರೆ ಜಿಎಸ್‌ಟಿ ಸಂಖ್ಯೆ ಕೇಳುತ್ತೇನೆ. ಅದರಲ್ಲಿ 15 ಅಕ್ಷರ, ಅಂಕಿ ಇರುತ್ತವೆ. ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕಕ್ಕೆ 29, ತೆಲಂಗಾಣಕ್ಕೆ 36, ಗುಜರಾತಿಗೆ 24. ನಂತರದ ಹತ್ತು ಪ್ಯಾನ್. ಜಿಎಸ್‌ಟಿ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು. ಒಂದು ಪೇಜ್‌ನವರು ತಾವು ಬೆಂಗಳೂರಿನವರು ಎಂದು ಹೇಳಿ 14 ಅಂಕಿಯ ಸಂಖ್ಯೆ ಕಳಿಸಿದ್ದರು. ಸಂಖ್ಯೆ ಸರಿಯಿದ್ದ ಮಾತ್ರಕ್ಕೆ ಪ್ರಾಮಾಣಿಕರು ಎಂದೇನಲ್ಲ, ಸಂಖ್ಯೆ ಇಲ್ಲದ ಸಣ್ಣ ವ್ಯಾಪಾರಿಗಳೆಲ್ಲ ಮೋಸಗಾರರೂ ಅಲ್ಲ. ಅಮ್ಮಿಗೇ ಜಿಎಸ್‌ಟಿ ಸಂಖ್ಯೆ ಇಲ್ಲ.

ಅಮ್ಮಿಯ ಹೆಸರು ಬಂದದ್ದರಿಂದ ಒಂದು ಮಾತು. ದೂರು ಬರೆಯುವಾಗ "ಚಿತ್ರದಲ್ಲಿ ತೋರಿಸಿದ್ದು ಒಂದು, ಕಳಿಸಿದ್ದು ಇನ್ನೊಂದು" ಎಂದು ಬರೆದೆ. ಬರೆದ ಮೇಲೆ ಕೈ ನಿಂತಿತು. ನಮಗೆ ಫ್ರಾಕ್ ವಾಪಸ್ ಕಳಿಸಿದವರು ನಮ್ಮ ಮೇಲೆ ಇದನ್ನೇ ಬರೆಯಬಹುದಿತ್ತು. ನಾವು ಬೇಕೆಂದು ಮಾಡಿದ್ದಲ್ಲ, ಗೋಡೆ ಮಾಡಿದ್ದು. ಆದರೆ ಫೋಟೊ ನೋಡುವವರಿಗೆ ಅದು ಹೇಗೆ ಗೊತ್ತಾಗಬೇಕು? ಈಗ ಪ್ರತಿ ಫೋಟೊದ ಕೆಳಗೆ ಬಟ್ಟೆಯ ಬಣ್ಣವನ್ನು ಮಾತಿನಲ್ಲೂ ಬರೆಯುತ್ತೇನೆ, ಮನೆಯ ಹೊರಗೆ ಹಗಲಿನಲ್ಲಿ ತೆಗೆದ ಇನ್ನೊಂದು ಚಿತ್ರವನ್ನೂ ಹಾಕುತ್ತೇನೆ.

ಕೊನೆಗೆ ಪರದೆ ಬಂದದ್ದು ಅದೇ ಪೇಟೆಯ ಅದೇ ಅಂಗಡಿಯಿಂದ. ಬೂದು ಬಣ್ಣದ ದಪ್ಪ ಹತ್ತಿಯ ಕೇಸ್‌ಮೆಂಟ್, 60 ಇಂಚು ಪನ್ನಾ, ನಾಲ್ಕೂವರೆ ಮೀಟರ್, ಮೀಟರಿಗೆ 110ರಂತೆ 495 ರೂಪಾಯಿ. ಅಮ್ಮಿ ಮೇಲ್ಗಡೆ ನೇಫಾ ಹೊಲಿದು ಕೊಟ್ಟರು, ಅದರಲ್ಲಿ ಹಳೆಯ ಕಿಟಕಿ ಪರದೆಯ ಪೈಪು ತೂರಿಸುತ್ತೇವೆ. ಎರಡು ಮೊಳೆ ಅದನ್ನು ಹಿಡಿಯುತ್ತವೆ. ಮಗುವನ್ನು ಪರದೆಯಿಂದ ನಾಲ್ಕೈದು ಅಡಿ ಮುಂದೆ ನಿಲ್ಲಿಸಿದರೆ ಉಳಿದ ಸುಕ್ಕೂ ಮಸುಕಾಗಿ ಮಾಯವಾಗುತ್ತದೆ. ಆ ಪೀಚ್ ಫ್ರಾಕನ್ನು ಅದರ ಮುಂದೆ ನಿಲ್ಲಿಸಿ ತೆಗೆದ ಫೋಟೊ ಪೀಚ್ ಬಣ್ಣದಲ್ಲೇ ಬಂತು. ಗುರುಮಠಕಲ್ ಕಡೆಯವರೊಬ್ಬರು ಕೊಂಡರು, ವಾಪಸ್ ಬಂದಿಲ್ಲ.

ಬಕ್ರೀದ್ ಹತ್ತಿರದ ದಿನ ಬಿಟ್ಟು ಉಳಿದಾಗ ಕಾಲೇಜಿನವರು ಯಾರಾದರೂ ಪರದೆ ಬೇಕೆಂದರೆ ಕೇಳಿ, ಕೊಡುತ್ತೇನೆ. ಒಗೆದು ಇಸ್ತ್ರಿ ಮಾಡಿ ವಾಪಸ್ ತಂದುಕೊಡಬೇಕು. ಅಳತೆ ಅಮ್ಮಿಗೆ ಗೊತ್ತಿದೆ.